ಹಿಂದಿನ ಎಡಚಕ್ರ

ನಂಜುಂಡನಿಗೆ ಬ್ಯಾಟರಿಗಳ ಆಯಸ್ಸು ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದವನಿಗೆ ಇನ್ನೇನು ಗೊತ್ತಿರಬೇಕು ಹೇಳಿ! ಅಹಮದಾಬಾದಿನ ಬಾಹ್ಯಾಕಾಶ ಸಂಸ್ಥೆಯೊಂದರ ಪರೀಕ್ಷಾ ಕೊಠಡಿಯಲ್ಲಿ ಕೂತು, ಮೇಲೆ ಹಾರಬೇಕಾದ ಬ್ಯಾಟರಿಗಳನ್ನು ಕಾಯಿಸಿ, ತಣಿಸಿ, ಕುಲುಕಿ, ಇದು ಇಷ್ಟು ವರ್ಷ ಬಾಳುತ್ತದೆ, ಇದು ಬಾಳುವುದಿಲ್ಲ ಎಂದು ಬರೆದು ಸಹಿ ಹಾಕುವುದು ಅವನ ಉದ್ಯೋಗ. ಆ ಸಹಿಯನ್ನು ಮೇಲಿನವರೂ ಮರುಪ್ರಶ್ನೆ ಮಾಡುತ್ತಿರಲಿಲ್ಲ. ಊರಿನ ಕನ್ನಡದವರ ಪೈಕಿ ಯಾರ ಮನೆಯ ಇನ್ವರ್ಟರ್ ಕೈಕೊಟ್ಟರೂ, ಯಾರ ಸ್ಕೂಟರ್ ಮುನಿಸಿಕೊಂಡರೂ ಮೊದಲ ಫೋನು ನಂಜುಂಡನಿಗೇ. ಸೋಫಾದಿಂದ ಏಳದೆ ಕಾಯಿಲೆ ಹೇಳಿಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಅದು ಸರಿಯಾಗಿಯೂ ಇರುತ್ತಿತ್ತು.

ನಂಜನಗೂಡಿನ ಮೇಷ್ಟರ ಮಗ. ಇಪ್ಪತ್ತನಾಲ್ಕನೇ ವಯಸ್ಸಿಗೆ ಒಂದು ಟ್ರಂಕು ಹಿಡಿದು ಅಹಮದಾಬಾದಿಗೆ ಬಂದಿಳಿದವನು ಅಲ್ಲೇ ಬೇರುಬಿಟ್ಟ. ಮೈಸೂರಿನ ಇಂದಿರಾ ಮದುವೆಯಾಗಿ ಬಂದಳು. ಅವಳು ಪಕ್ಕದ ಮನೆಯ ಹೆಂಗಸರ ಹತ್ತಿರ ಗುಜರಾತಿ ಕಲಿತಳು, ಇವನು ಮೂವತ್ತು ವರ್ಷವಾದರೂ ತರಕಾರಿ ಚೌಕಾಸಿಗೆ ಸಾಲುವಷ್ಟು ಕಲಿಯಲಿಲ್ಲ. ಒಬ್ಬಳೇ ಮಗಳು ಅರ್ಚಿತಾ. ಓದಿ ಬ್ಯಾಂಕು ಸೇರಿದ ಮೇಲೆ ಅವಳಿಗೆ ಸೂರತ್ತಿಗೆ ವರ್ಗವಾಯಿತು, ವರಾಛಾದ ಶಾಖೆಗೆ, ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ.

ಕಾರನ್ನು ಮಾತ್ರ ನಂಜುಂಡ ಯಾವ ಗ್ಯಾರೇಜಿನವನ ಕೈಗೂ ಕೊಡುತ್ತಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ತಾನಿದ್ದ ವಸತಿ ಸೊಸೈಟಿಯ ಅಂಗಳದಲ್ಲಿ ಜಾಕ್ ಕೊಟ್ಟು ನಾಲ್ಕೂ ಚಕ್ರ ಬಿಚ್ಚುವುದು, ಸೀಗೆಪುಡಿ ಹಾಕಿ ತೊಳೆಯುವುದು, ಒಣಗಿಸಿ ಮತ್ತೆ ಹಾಕುವುದು ಅವನ ಪದ್ಧತಿ. ಸುತ್ತ ಗುಜರಾತಿ ಮಂದಿ ಗರ್ಬಾಕ್ಕೆ ಶಾಮಿಯಾನಾ ಕಟ್ಟುತ್ತಿದ್ದರೆ ಈ ಮಹಾಶಯ ಚಕ್ರದ ನಟ್ಟುಗಳಿಗೆ ಅರಿಶಿನ ಕುಂಕುಮ ಇಡುತ್ತ ಕೂತಿರುತ್ತಿದ್ದ. "ಅಂಕಲ್, ಟೈರಿಗೂ ಸ್ನಾನಾನಾ?" ಎಂದು ಮಕ್ಕಳು ರೇಗಿಸುತ್ತಿದ್ದವು. ಒಂದು ವರ್ಷ ಮುಂದಿನ ಬಲಚಕ್ರ ಹೆಚ್ಚು ಸವೆದಿದೆ ಅನ್ನಿಸಿ, ಅದನ್ನು ಹಿಂದಿನ ಎಡಗಡೆಗೆ ಹಾಕಿದ, ಹಿಂದಿನ ಎಡದ್ದನ್ನು ಮುಂದಿನ ಬಲಕ್ಕೆ ತಂದ. ಮಾರನೆಯ ದಿನ ನಾಲ್ಕು ನಿಂಬೆಹಣ್ಣು ತುಳಿಸಿ ಗಾಡಿ ಮುಂದಕ್ಕೆ ಬಿಟ್ಟ. ಇಂದಿರಾ ಆರತಿ ಎತ್ತಿದಳು.

ಮೂರು ತಿಂಗಳು ಕಳೆದು ಜನವರಿ ಬಂತು. ಕಾರು ತೆಗೆದುಕೊಂಡು ಸೂರತ್ತಿಗೆ ಹೋಗಿದ್ದ ಇಂದಿರಾ, ವಾರದ ನಂತರ ಮಗಳ ಜೊತೆ ವಾಪಸ್ಸು ಹೊರಟಳು. ಓಡಿಸುತ್ತಿದ್ದವಳು ಅರ್ಚಿತಾ. ವಡೋದರಾ ಮುಟ್ಟುವಷ್ಟರಲ್ಲಿ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಪುಟ್ಟ ಕಾರಿನ ಚಿತ್ರ, ಅದರ ಹಿಂದಿನ ಎಡಚಕ್ರಕ್ಕೆ ಬಣ್ಣ. ಗಾಳಿ ಕಡಿಮೆಯಿದೆ ಎಂಬ ಎಚ್ಚರಿಕೆ. ಎಷ್ಟಿದೆ ಎಂದು ಅಂಕಿ ತೋರಿಸುವ ಗಾಡಿ ಅದಲ್ಲ. ಹುಡುಗಿ ಜಾಣೆ, ಎಕ್ಸ್‌ಪ್ರೆಸ್ ವೇ ಹತ್ತುವ ಮೊದಲೇ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಆ ಚಕ್ರದ ಗಾಳಿ ನೋಡಿಸಿದಳು, ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ಥರ್ಟಿತ್ರೀ ಇದೆ. ಬರಾಬರ್ ಇದೆ. ಆದ್ರೂ ಲೈಟ್ ಹೋಗ್ತಿಲ್ಲ."

"ಗಾಡಿಗೆ ಏಳು ವರ್ಷ ಆಯ್ತಲ್ಲಮ್ಮ. ಚಕ್ರದೊಳಗೆ ಒಂದು ಸೆನ್ಸರ್ ಇರುತ್ತೆ, ಅದಕ್ಕೊಂದು ಪುಟಾಣಿ ಬ್ಯಾಟರಿ. ಅದರ ಆಯಸ್ಸು ಮುಗಿದಿದೆ ಅಷ್ಟೇ. ಮೆನುಗೆ ಹೋಗಿ ರೀಸೆಟ್ ಒತ್ತಿ ಬಂದ್ಬಿಡು."

"ಬಾಕಿ ಮೂರೂ ಚೆಕ್ ಮಾಡಿಸ್ಲಾ?"

ಪಕ್ಕದಿಂದ ಇಂದಿರಾ ಕೂಗಿದ್ದು ಇವನಿಗೆ ಕೇಳಿಸಿತು: "ರೀ, ಎಲ್ಲಾನೂ ನೋಡಿಸಿಬಿಡೋಣ್ವಾ?"

ನಂಜುಂಡ ನಕ್ಕ. ಯಾವ ಚಕ್ರ ಅಂತ ಗಾಡೀನೇ ಬಾಯಿಬಿಟ್ಟು ಹೇಳ್ತಿದೆ, ನೀವು ಊರೆಲ್ಲಾ ಹುಡುಕ್ತೀರಾ ಎಂದ. ಬನ್ನಿ ಬನ್ನಿ, ಊಟಕ್ಕೆ ಕಾಯ್ತಿದೀನಿ ಎಂದು ಫೋನಿಟ್ಟ.

ಆಣಂದ್ ದಾಟಿದ ಮೇಲೆ ಕಾರು ಒಮ್ಮೆಲೇ ಬಲಕ್ಕೆ ಎಳೆದು, ಡಿವೈಡರಿಗೆ ಬಡಿದು, ಗಿರಕಿ ಹೊಡೆದು, ಎಡಬದಿಯಿಂದ ಲಾರಿಯೊಂದರ ಹಿಂಬದಿಗೆ ಅಪ್ಪಳಿಸಿತು. ಅರ್ಚಿತಾಳಿಗೆ ಮಣಿಕಟ್ಟು ಮುರಿಯಿತು. ಎಡಗಡೆ ಕೂತಿದ್ದ ಇಂದಿರಾಳ ಎದೆಗೂಡು ಜಜ್ಜಿಹೋಗಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು.

ಮುಂದಿನ ಬಲಟೈರು ಚಿಂದಿಯಾಗಿತ್ತು ನಿಜ. ಆದರೆ ಟೈರು ಒಡೆದು ಡಿವೈಡರಿಗೆ ಬಡಿಯಿತೋ, ಡಿವೈಡರಿಗೆ ಬಡಿದು ಟೈರು ಒಡೆಯಿತೋ, ಯಾರು ಕಂಡವರು? ಅರ್ಚಿತಾ ಪೊಲೀಸರ ಮುಂದೆ ತಾನೇ ಹೇಳಿಬಿಟ್ಟಳು: ನೆನಪಿಲ್ಲ, ಒಂದು ಕ್ಷಣ ಕಣ್ಣು ಮುಚ್ಚಿರಬೇಕು. ಹಿಂದಿನ ರಾತ್ರಿ ಅಮ್ಮನ ಜೊತೆ ಹರಟುತ್ತ ತಡವಾಗಿ ಮಲಗಿದ್ದಳಂತೆ. ಹೇಳಿದ್ದನ್ನೇ ಅವಳು ನಂಬಿಯೂ ಬಿಟ್ಟಳು. ಅಂದಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ಎರಡು ಬಸ್ಸು ಬದಲಾಯಿಸಿ ಬ್ಯಾಂಕಿಗೆ ಹೋಗುತ್ತಾಳೆ, ನಿದ್ದೆಗೊಂದು ಮಾತ್ರೆ, ಎಚ್ಚರಕ್ಕೊಂದು ಮಾತ್ರೆ ನುಂಗುತ್ತಾಳೆ. ಪ್ರತಿ ಶನಿವಾರ ಅಪ್ಪನಿಗೆ ಫೋನು ಮಾಡಿ, ಅಡಿಗೆ ಏನು, ಬಿಪಿ ಎಷ್ಟು ಎಂದೆಲ್ಲ ಕೇಳಿ, ಇಡುವ ಮುಂಚೆ ಅದೇ ಪ್ರಶ್ನೆ.

"ಅಪ್ಪಾ, ನಾನು ನಿದ್ದೆ ಮಾಡ್ಬಿಟ್ನಾ?"

"ಬಿಡಮ್ಮ. ಆಗಿದ್ದು ಆಗಿಹೋಯ್ತು."

ಕಾರು ರಿಪೇರಿಯಾಗಿ ಬಂತು. ಮಾರಿಬಿಡಿ ಎಂದು ಹೇಳದವರಿಲ್ಲ. ನಂಜುಂಡ ಮಾರಲಿಲ್ಲ. ಇಂದಿರಾ ಕೊನೆಗೆ ಕೂತ ಜಾಗ ಅದು, ಅದನ್ನು ಯಾರಿಗೆ ಕೊಟ್ಟಾನು? ಮುಂದಿನ ಬಲಕ್ಕೆ ಹೊಸ ಚಕ್ರ ಬಂದಿತ್ತು. ಆದರೂ ಹಳದಿ ದೀಪ ಹೋಗಲಿಲ್ಲ, ಹಿಂದಿನ ಎಡಚಕ್ರವನ್ನೇ ತೋರಿಸುತ್ತಿತ್ತು. ರೀಸೆಟ್ ಒತ್ತಿದರೆ ಆರುತ್ತಿತ್ತು, ಸ್ವಲ್ಪ ದೂರ ಹೋದರೆ ಮತ್ತೆ ಹತ್ತುತ್ತಿತ್ತು. ನೋಡು, ನಾನು ಹೇಳಿರಲಿಲ್ಲವೇ, ಬ್ಯಾಟರಿ ಸತ್ತಿದೆ ಎಂದು ಅವನಿಗೆ ಒಂಥರಾ ಸಮಾಧಾನವೇ ಆಗುತ್ತಿತ್ತು. ದೇವರೇ, ಸಮಾಧಾನ!

ಮುಂದಿನ ದಸರೆಗೆ ಮಗಳನ್ನು ಕರೆದುಕೊಂಡು ಬರಲು ಸೂರತ್ತಿಗೆ ಹೊರಟ. ಅವಳು ಈ ಕಾರು ಹತ್ತುವುದಿಲ್ಲ, ರೈಲಿನಲ್ಲಿ ಒಟ್ಟಿಗೆ ಬರುವುದೆಂದು ಮಾತು. ಆದರೂ ಹೋಗುವಾಗ ಕಾರಿನಲ್ಲೇ ಹೋದ, ಹಬ್ಬ ಮುಗಿದು ಅವಳನ್ನು ಬಿಡಲು ಬಂದಾಗ ಗಾಡಿ ವಾಪಸ್ಸು ತಂದರಾಯಿತು ಎಂದುಕೊಂಡು. ಮನುಷ್ಯನ ಹಟ. ದಾರಿಯಲ್ಲಿ ವಡೋದರಾದ ಕಾರೇಲಿಬಾಗಿನಲ್ಲಿ ಒಂದು ಟೈರ್ ಅಂಗಡಿ ಕಂಡು, ಹೊಸ ಸೆನ್ಸರ್ ಹಾಕಿಸಿಯೇ ಬಿಡೋಣ ಎಂದು ನಿಲ್ಲಿಸಿದ. ಅಂಗಡಿಯ ಮಾಲೀಕ ಪ್ರವೀಣ್‌ಭಾಯಿ, ಐವತ್ತರ ಆಸುಪಾಸಿನವನು, ಸಾವಧಾನದ ಆಸಾಮಿ. ಫೋನಿನಷ್ಟು ದೊಡ್ಡ ಉಪಕರಣವೊಂದನ್ನು ಹಿಂದಿನ ಎಡಚಕ್ರದ ವಾಲ್ವ್ ಹತ್ತಿರ ಹಿಡಿದ. ಅದು ಕುಂಯ್ ಎಂದಿತು.

"ಬೇಟರಿ ಏಕ್‌ದಮ್ ಸರಸ್ ಛೇ, ಸಾಹೇಬ್," ಎಂದ. ಬ್ಯಾಟರಿ ಗಟ್ಟಿಮುಟ್ಟಾಗಿದೆ.

ನಂಜುಂಡ ಒಪ್ಪಲಿಲ್ಲ. ಎಂಟನೇ ವರ್ಷಕ್ಕೆ ಹೇಗೆ ಸಾಧ್ಯ ಎಂದು ವಾದ ಹೂಡಿದ. ಪ್ರವೀಣ್‌ಭಾಯಿ ನಾಲ್ಕೂ ಚಕ್ರಕ್ಕೆ ಅದನ್ನು ಹಿಡಿದು ನೋಡಿದ. ಮುಂದಿನ ಬಲಚಕ್ರದಲ್ಲಿ ಸೆನ್ಸರೇ ಇರಲಿಲ್ಲ, ರಿಪೇರಿಯವರು ಬರೀ ಚಕ್ರ ಹಾಕಿದ್ದರು. ಉಳಿದ ಮೂರೂ ಚೆನ್ನಾಗಿದ್ದವು. ಆಮೇಲೆ ಗಾಡಿಯ ಕಂಪ್ಯೂಟರಿಗೆ ತಂತಿ ಚುಚ್ಚಿ, ಪರದೆ ನೋಡಿ ಹುಬ್ಬು ಗಂಟಿಕ್ಕಿದ. ಹಿಂದೆ ಎಡಗಡೆಯಿರುವ ಈ ಚಕ್ರ ಗಾಡಿಯ ನೆನಪಿನಲ್ಲಿ ಹಿಂದಿನ ಎಡದ್ದಲ್ಲ, ಮುಂದಿನ ಬಲದ್ದು. ಯಾರೋ ಎರಡನ್ನೂ ಅದಲುಬದಲು ಮಾಡಿ ಗಾಡಿಗೆ ಹೇಳಿಯೇ ಇಲ್ಲ ಎಂದು ಹಿಂದಿಯಲ್ಲಿ ವಿವರಿಸಿದ. ಹಾಗೆ ಮಾಡಿದರೆ ಮುಂದಿನ ಬಲಚಕ್ರದಲ್ಲಿ ಗಾಳಿ ಹೋದರೂ ಗಾಡಿ ಹಿಂದಿನ ಎಡಚಕ್ರವನ್ನೇ ತೋರಿಸುತ್ತದೆ. ಈಗ ಅಲ್ಲಿ ಸೆನ್ಸರೇ ಇಲ್ಲದ್ದಕ್ಕೂ ಅದೇ ದೀಪ ಹತ್ತುತ್ತಿದೆ. "ಯಾವ ಗಧೇಡೋ ಮಾಡಿದ ಕೆಲಸ ಸಾಹೇಬ್, ಜೀವ ಹೋಗಬಹುದು."

ಕತ್ತೆ ಎದುರಿಗೇ ನಿಂತಿತ್ತು. ನಂಜುಂಡ ಟೈರುಗಳ ರಾಶಿಯ ಮೇಲೆ ಕೂತುಬಿಟ್ಟ. ಪ್ರವೀಣ್‌ಭಾಯಿ ನೀರು ತಂದುಕೊಟ್ಟು, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದ. ಹೊಸ ಸೆನ್ಸರ್ ಬೇಡ ಎಂದು ಹೇಳಿ ನಂಜುಂಡ ಹೊರಟುಬಂದ. ಗಾಡಿಯ ಜೊತೆ ಕೊಟ್ಟ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇತ್ತು. ಚಕ್ರ ಬದಲಿಸಿದರೆ ಸೆನ್ಸರುಗಳನ್ನು ಹೊಸದಾಗಿ ನೋಂದಾಯಿಸಬೇಕು ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಎಂಟು ವರ್ಷದಲ್ಲಿ ಅವನು ಆ ಪುಟ ತೆರೆದಿರಲಿಲ್ಲ.

ಅಂದರೆ ಮಗಳು ನಿದ್ದೆ ಮಾಡಿರಲಿಲ್ಲ. ಗಾಳಿಯಿಲ್ಲದ ಚಕ್ರ ನೂರರ ವೇಗದಲ್ಲಿ ಕಾದು ಒಡೆದಿತ್ತು. ಮೂರನ್ನೂ ನೋಡಿಸ್ಲಾ ಎಂದು ಕೇಳಿದವಳಿಗೆ ಬೇಡ ಎಂದವನು ಇವನು.

ಸೂರತ್ತಿಗೆ ಹೋದ, ಮಗಳ ಮುಖ ನೋಡಿದ, ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡ. ಹಬ್ಬ ಕಳೆಯಲಿ, ವರ್ಷಾಬ್ದಿಕ ಕಳೆಯಲಿ ಎಂದ. ಹೇಡಿ ಎಂದರೆ ಹೇಡಿಯೇ, ಅದಕ್ಕೆ ಬೇರೆ ಹೆಸರು ಯಾಕೆ? ಇರುವವಳು ಒಬ್ಬಳೇ ಮಗಳು. ಹೇಳಿದರೆ ಅವಳೂ ಕೈಬಿಡುತ್ತಾಳೆ, ಆಮೇಲೆ ಈ ಲೋಕದಲ್ಲಿ ಅಪ್ಪಾ ಎನ್ನುವವರು ಯಾರೂ ಇರುವುದಿಲ್ಲ ಎಂಬ ಭಯ ಅವನನ್ನು ತಿಂದುಹಾಕಿತು. ಶನಿವಾರ ಬರುತ್ತಿತ್ತು, ಅದೇ ಪ್ರಶ್ನೆ ಬರುತ್ತಿತ್ತು. ಎಲ್ಲ ಗೊತ್ತಿದ್ದೂ "ಬಿಡಮ್ಮ" ಎನ್ನುತ್ತಿದ್ದ.

ಇಂದಿರಾ ಬಿಡಲಿಲ್ಲ. ಕೀ ತಿರುಗಿಸಿ ಹಳದಿ ದೀಪ ಹತ್ತಿದ ಕೂಡಲೇ ಎಡಗಡೆಯಿಂದ ಅವಳ ದನಿ. ಕೋಪವಿಲ್ಲ, ಅಳುವಿಲ್ಲ, ಅಂದು ಫೋನಿನಲ್ಲಿ ಕೇಳಿದ ಅದೇ ದನಿ. "ರೀ, ಎಲ್ಲಾನೂ ನೋಡಿಸಿಬಿಡೋಣ್ವಾ?" ನಂಜುಂಡ ಬಂಕಿಗೆ ಹೋಗಿ ನಾಲ್ಕೂ ಚಕ್ರ ನೋಡಿಸುತ್ತಿದ್ದ, ಡಿಕ್ಕಿಯಲ್ಲಿದ್ದ ಐದನೆಯದನ್ನೂ ನೋಡಿಸುತ್ತಿದ್ದ, ಸಾಲದೆಂದು ಮುಂದಿನ ಬಂಕಿನಲ್ಲಿ ಮತ್ತೆ ನಿಲ್ಲಿಸುತ್ತಿದ್ದ. "ನೋಡಿಸಿದೆ ಕಣೇ, ಎಲ್ಲಾ ನೋಡಿಸಿದೆ," ಎಂದು ಖಾಲಿ ಸೀಟಿಗೆ ಹೇಳುತ್ತಿದ್ದ. ಸ್ವಲ್ಪ ದೂರ ಸುಮ್ಮನಿದ್ದು ಅವಳು ಮತ್ತೆ ಕೇಳುತ್ತಿದ್ದಳು. ಸೊಸೈಟಿಯವರು ನಂಜುಂಡಭಾಯಿ ಗಾಡಿಯಲ್ಲಿ ಒಬ್ಬರೇ ಮಾತಾಡುತ್ತಾರೆ ಎಂದು ಗುಸುಗುಸು ಶುರು ಮಾಡಿದರು.

ಹೀಗೆ ಹತ್ತು ತಿಂಗಳು. ಕಳೆದ ಆಗಸ್ಟಿನ ಒಂದು ಶನಿವಾರ ಅರ್ಚಿತಾ ಬೇರೊಂದು ಮಾತು ಹೇಳಿದಳು. ವಡೋದರಾದ ರೈಲ್ವೆಯಲ್ಲಿ ಕೆಲಸ ಮಾಡುವ ಸುಧನ್ವ ಎಂಬ ಧಾರವಾಡದ ಹುಡುಗ ಅವಳಿಗೆ ಇಷ್ಟವಾಗಿದ್ದ, ಅವನೇ ಕೇಳಿದ್ದ. ಇವಳು ಬೇಡ ಎಂದು ಕಳಿಸಿದ್ದಳು.

"ಯಾಕಮ್ಮ?"

"ನಾಳೆ ಮಗು ಆದ್ರೆ, ಅಪ್ಪಾ? ನನ್ನ ಕೈಗೆ ಯಾರ ಜೀವಾನೂ ಕೊಡಬಾರ್ದು."

ಆ ರಾತ್ರಿ ನಂಜುಂಡ ಮಲಗಲಿಲ್ಲ. ಬೆಳಿಗ್ಗೆ ಕಾರು ತೆಗೆದು ಒಂದೇ ಸಮ ಓಡಿಸಿದ. ದಾರಿಯುದ್ದಕ್ಕೂ ಇಂದಿರಾ ಒಂದು ಮಾತೂ ಆಡಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ಹನ್ನೊಂದೂವರೆಗೆ ಮಗಳ ಫ್ಲಾಟಿನ ಬಾಗಿಲು ಬಡಿದ. ಭಾನುವಾರ, ತಲೆಗೆ ಸ್ನಾನ ಮಾಡಿ ಟವಲು ಸುತ್ತಿಕೊಂಡಿದ್ದಳು. ಕಾಫಿ ಇಡ್ತೀನಿ ಎಂದವಳನ್ನು ತಡೆದು ಕೂರಿಸಿದ. ಕೂತರೆ ಬಾಯಿ ಕಟ್ಟುತ್ತದೆಂದು ತಾನು ನಿಂತೇ ಹೇಳಿದ. ಆಯುಧಪೂಜೆಗೆ ಚಕ್ರ ಬದಲಿಸಿದ್ದು, ಗಾಡಿಗೆ ತಿಳಿಸದೆ ಇದ್ದದ್ದು, ಪ್ರವೀಣ್‌ಭಾಯಿಯ ಅಂಗಡಿ, ಸಾಯದೆ ಇದ್ದ ಬ್ಯಾಟರಿ. ಒಂದನ್ನೂ ಮುಚ್ಚಿಡಲಿಲ್ಲ.

"ನೀನು ನಿದ್ದೆ ಮಾಡ್ಲಿಲ್ಲ ಪುಟ್ಟಿ. ನಿನ್ನ ತಪ್ಪು ಏನೇನೂ ಇಲ್ಲ. ನಾನು ಮಾಡಿದ್ದು."

ಅರ್ಚಿತಾ ಟವಲು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಬಹಳ ಹೊತ್ತು ಅದನ್ನೇ ಮಡಿಸುತ್ತಿದ್ದಳು.

"ಯಾವಾಗಿಂದ ಗೊತ್ತು ನಿಮ್ಗೆ?"

"ಹೋದ ದಸರೆಯಿಂದ."

"ನಾನು ಪ್ರತಿ ವೀಕ್ ಕೇಳ್ತಿದ್ದೆ."

"ಹೌದಮ್ಮ. ನಿನ್ನನ್ನೂ ಕಳ್ಕೋತೀನಿ ಅಂತ ಹೆದರಿಕೆ ಆಯ್ತು. ನನ್ನ ಕ್ಷಮಿಸಿಬಿಡು."

ಅವಳು ಅಳುತ್ತಾಳೆ, ಕೂಗುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದು ನಂಜುಂಡ ಎದುರು ನೋಡುತ್ತಿದ್ದ. ಯಾವುದೂ ಆಗಲಿಲ್ಲ. ತಲೆಯೆತ್ತಿ ನೋಡಿದಳು, ತೀರ ಚಿಕ್ಕವಳಿದ್ದಾಗ ಜ್ವರ ಬಂದರೆ ನೋಡುತ್ತಿದ್ದ ಹಾಗೆ.

"ಐಸಿಯುನಲ್ಲಿ ಎಂಟನೇ ದಿನ ಅಮ್ಮಂಗೆ ಹೋಶ್ ಬಂದಿತ್ತು, ಕಣ್ಣು ಬಿಟ್ಟಿದ್ಲು, ನೀವು ಔಷಧಿ ತರೋಕೆ ಹೋಗಿದ್ರಿ. ನಾನು ಅವಳ ಕಿವೀಲಿ ಹೇಳ್ದೆ, ಅಮ್ಮಾ ನಾನು ನಿದ್ದೆ ಮಾಡ್ಬಿಟ್ಟೆ, ಮಾಫ್ ಮಾಡು ಅಂತ. ಬಾಯಲ್ಲಿ ನಳಿಗೆ ಇತ್ತಲ್ಲ, ಮಾತಾಡೋಕೆ ಆಗ್ತಿರ್ಲಿಲ್ಲ. ನನ್ನ ತಲೆ ಮೇಲೆ ಕೈ ಇಟ್ಟು ಸವರಿದ್ಲು." ಟವಲನ್ನು ಪಕ್ಕಕ್ಕಿಟ್ಟಳು. "ನಾನು ಮಾಡದೇ ಇರೋದಕ್ಕೆ ನನ್ನ ಕ್ಷಮಿಸಿ ಹೋದ್ಲು, ಅಪ್ಪಾ. ನಿಮ್ಮನ್ನ ಕ್ಷಮಿಸೋಕೆ ಅಮ್ಮ ಇಲ್ಲ."