ಹಿಂದೆ ಬರುತ್ತಿದ್ದ ಓಬ

ಮೇಘಾ, ತೇಜು, ಹೋದ ವಾರ ಖಾಲಿ ಡಬ್ಬಿಗಳನ್ನು ಹುಡುಕಿಕೊಂಡು ಗ್ಯಾರೇಜಿಗೆ ಹೋಗಿದ್ದೆ. ಮೇಲಿನ ಹಲಗೆಯ ಮೂಲೆಯಲ್ಲಿ ಪೊಲೀಸರು ಕೊಟ್ಟುಹೋದ ಕಂದು ಕಾಗದದ ಚೀಲವಿತ್ತು. ಬಾಯಿ ಮಡಿಚಿ ಅಂಟು ಹಾಕಿದ್ದು ಹಾಗೇ ಇತ್ತು. ನಿಮ್ಮಮ್ಮನಾಗಲಿ ಅಪ್ಪನಾಗಲಿ ಅದನ್ನು ಮುಟ್ಟಿರಲಿಲ್ಲ. ನಾನು ಬಿಚ್ಚಿದೆ. ಒಳಗೆ ನಿಮ್ಮಣ್ಣ ಸುಹಾಸನ ಹಸಿರು ಉಣ್ಣೆಯ ಅಂಗಿ. ನೆನೆದು ಒಣಗಿದ ಉಣ್ಣೆ, ಕೋವಿಗೆ ಹಚ್ಚುವ ಎಣ್ಣೆ, ಸೌದೆಯ ಹೊಗೆ, ಮೂರರ ವಾಸನೆಯೂ ಒಟ್ಟಿಗೇ ಮುಖಕ್ಕೆ ಬಡಿಯಿತು. ಕಡಲಾಚೆಯ ಈ ಕ್ರೈಸ್ಟ್‌ಚರ್ಚಿನ ತಣ್ಣನೆಯ ಗ್ಯಾರೇಜಿನಲ್ಲಿ ಕಾರಿಗೆ ಒರಗಿ ನಿಂತು ನಾನು ಅರವತ್ತು ವರ್ಷ ಹಿಂದಿನ ನಮ್ಮಪ್ಪನ ಕಂಬಳಿಯನ್ನು ಮೂಸುತ್ತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಡಬ್ಬಿ ತರದೆಯೇ ಒಳಗೆ ಬಂದೆ. ಅಂದಿನಿಂದ ಇದನ್ನು ಬರೆಯುತ್ತಿದ್ದೇನೆ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ, ಅದು ನಿಮಗೆ ಗೊತ್ತು. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆ ಸೇರುವವಳು ನಿಮ್ಮಜ್ಜಿ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಅದರಲ್ಲೇ ಹೇಳುತ್ತೇನೆ.

ನಮ್ಮೂರು ಪಾವಗಡದ ಕಡೆ. ಮರ ಕಡಿಮೆ, ಬಂಡೆ ಹೆಚ್ಚು. ನಮ್ಮದು ಮಣ್ಣಿನ ಮಾಳಿಗೆ ಮನೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಹೂಜಿಯೊಳಗೆ ಇಳಿದಷ್ಟು ತಂಪು. ನಡುಮನೆಯ ತೊಲೆಗೆ ಅಪ್ಪನ ಒಂಟಿ ನಳಿಗೆಯ ಕೋವಿ ತೂಗುತ್ತಿತ್ತು, ಅದರ ಪಕ್ಕ ಮದ್ದು ತುಂಬಿದ ಒಣ ಸೋರೆಬುರುಡೆ, ಕೆಳಗೆ ಮೊಲದ ಬಲೆ. ಅಪ್ಪ ಹೊಲ ಉಳುತ್ತಿದ್ದ. ಕೆಲಸವಿಲ್ಲದ ತಿಂಗಳುಗಳಲ್ಲಿ ಬೇಟೆಗೆ ಹೋಗುತ್ತಿದ್ದ. ಆಗ ಅದಕ್ಕೆ ಈಗಿನಷ್ಟು ಕಾನೂನು ಇರಲಿಲ್ಲ. ಮೊಲ, ಕೌಜುಗ ಹಕ್ಕಿ, ಯಾವಾಗಲಾದರೂ ಒಂದು ಕಾಡುಹಂದಿ. ಬೆಳಗಿನ ಜಾವ ಕಂಬಳಿ ಹೊದ್ದು ಹೊರಟರೆ ಸಂಜೆ ಬೆವರು, ಮದ್ದು, ಮುಳ್ಳುಗಿಡಗಳ ವಾಸನೆ ಹೊತ್ತು ಬರುತ್ತಿದ್ದ. ಅವನು ಬಾಗಿಲಲ್ಲಿ ಕಂಬಳಿ ಒದರುವ ಸದ್ದಿಗೆ ನಾನು ಎಲ್ಲಿದ್ದರೂ ಓಡಿ ಬರುತ್ತಿದ್ದೆ. ಅಮ್ಮ ಓಡುತ್ತಿರಲಿಲ್ಲ. ಒಲೆ ಮುಂದೆಯೇ ಕೂತು, ಅವನು ಬಂದನಲ್ಲ ಎಂಬ ಒಂದು ಉಸಿರು ಬಿಟ್ಟು, ಮುದ್ದೆ ತಿರುವಲು ಕೋಲು ಎತ್ತಿಕೊಳ್ಳುತ್ತಿದ್ದಳು.

ಅವಳ ಭಯಕ್ಕೆ ಕಾರಣವಿತ್ತು. ಅಪ್ಪನಿಗೆ ಓಬ ಎಂಬ ತಮ್ಮನಿದ್ದ. ನಾನು ಹುಟ್ಟುವ ಮೊದಲೇ ಅವನು ಒಬ್ಬನೇ ಬೇಟೆಗೆ ಹೋಗಿ ಹೆಣವಾಗಿ ಬಂದಿದ್ದ. ಗುಡ್ಡದ ನೀರಿನ ಹೊಂಡದ ಹತ್ತಿರ ಯಾರೋ ಮೂವರು ಸಿಕ್ಕರಂತೆ, ಜೊತೆಗೆ ಯಾರಿದ್ದಾರೆ ಎಂದು ಕೇಳಿದರಂತೆ, ಇವನು ಯಾರೂ ಇಲ್ಲ ಎಂದನಂತೆ. ಕೋವಿಯ ಆಸೆಗೆ ಹೊಡೆದು ಹಾಕಿದರು. ಬಂಡೆಯ ಮರೆಯಲ್ಲಿ ಕೂತಿದ್ದ ಸೌದೆ ಆಯುವ ಹೆಂಗಸೊಬ್ಬಳು ಇದನ್ನೆಲ್ಲ ಕೇಳಿಸಿಕೊಂಡು ಊರಿಗೆ ಬಂದು ಹೇಳಿದ್ದಳು. ಆಮೇಲೆ ಅಪ್ಪ ಒಂದು ಪದ್ಧತಿ ಹಿಡಿದ. ಗುಡ್ಡದಲ್ಲಿ ಗುರುತಿಲ್ಲದ ಮನುಷ್ಯ ಎದುರಾದರೆ ಅವನು ಬಾಯಿ ತೆರೆಯುವ ಮೊದಲೇ ಅಪ್ಪ ಹಿಂದಕ್ಕೆ ತಿರುಗಿ, "ಓಬಾ, ನಿಧಾನುಕ್ ಬಾರಪ್ಪಾ, ಇಲ್ಲೇ ಇದೀನಿ" ಎಂದು ಕೂಗುತ್ತಿದ್ದ. ಹಿಂದೆ ಬರುತ್ತಿರುವವನು ಇದ್ದಾನೆ ಎಂದರೆ ಎದುರಿನವನ ಕೈ ತಡೆಯುತ್ತದೆ ಎಂದು ಅವನ ಲೆಕ್ಕ. ಸತ್ತ ತಮ್ಮ ಹೀಗೆ ದಿನಾ ಅವನ ಬೆನ್ನಿಗೆ ಬರುತ್ತಿದ್ದ. ಅಮ್ಮ ಸಿಟ್ಟು ಬಂದ ದಿನ ಉಣ್ಣಲು ಕೂತ ಅಪ್ಪನಿಗೆ, "ನಿನ್ ತಮ್ಮುಂಗೂ ಒಂದ್ ಮುದ್ದೆ ಇಕ್ಲಾ?" ಎಂದು ಕುಟುಕುತ್ತಿದ್ದಳು. ಅಪ್ಪ ತಲೆ ಎತ್ತದೆ, "ಇಕ್ಕು, ಅವ್ನ ಪಾಲ್ನೂ ನಾನೇ ಉಂತೀನಿ" ಎನ್ನುತ್ತಿದ್ದ. ಅವಳು ಇಕ್ಕುತ್ತಿದ್ದಳು, ಅವನು ಉಣ್ಣುತ್ತಿದ್ದ, ಇಬ್ಬರೂ ನಗುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಸಲ ಹಟ ಹಿಡಿದು ಅಪ್ಪನ ಜೊತೆ ಹೋದೆ. ಮಧ್ಯಾಹ್ನ ಬಂಡೆಯ ಹೊಂಡದ ಹತ್ತಿರ ಒಬ್ಬ ಮುದುಕ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಅವನ ಸೊಂಟದಲ್ಲಿ ಮಚ್ಚು ಇತ್ತು. ಅಪ್ಪ ಎಂದಿನಂತೆ ಹಿಂದಕ್ಕೆ ತಿರುಗಿ ಓಬನನ್ನು ಕೂಗಿದ. ನಾನು ಖಾಲಿ ದಾರಿಯನ್ನು ನೋಡಿದೆ. ಮುದುಕ ತನ್ನ ಸೋರೆಬುರುಡೆಯಿಂದ ಮೊದಲು ನನಗೆ ನೀರು ಕೊಟ್ಟ, ಆಮೇಲೆ ಅಪ್ಪನಿಗೆ. ಇಬ್ಬರೂ ಎಲೆಅಡಿಕೆ ಹಂಚಿಕೊಂಡು ಮಳೆಯ ಮಾತಾಡಿದರು, ಕುರಿಯ ಕಾಯಿಲೆಯ ಮಾತಾಡಿದರು. ಹೊರಡುವ ಹೊತ್ತಿಗೆ ಮುದುಕ ಕಣ್ಣು ಮಿಟುಕಿಸಿ, "ಎಲ್ಲಪ್ಪಾ ನಿನ್ ಓಬ? ದಾರೀಲಿ ಹೆಣ್ ನೋಡ್ಕಂಡ್ ಕೂತ್ಕಂಡ್ನಾ?" ಎಂದ. ಅಪ್ಪ, "ಅವ್ನು ಬರಲ್ಲ. ಅವ್ನಿಲ್ಲ. ನಾನೂ ನನ್ ಮಗ್ಳೂ ಇಬ್ರೇ" ಎಂದುಬಿಟ್ಟ. ಯಾವ ಕಡೆ ಹೋಗುತ್ತೇವೆ, ಎಲ್ಲಿ ಇಳಿಯುತ್ತೇವೆ ಎಂಬುದನ್ನೂ ಹೇಳಿದ. ದಾರಿಯಲ್ಲಿ ನಾನು ಕೇಳಿದೆ, ಯಾಕೆ ಹೇಳಿದೆ ಎಂದು. ಅಪ್ಪ ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಗುರ್ತಿಲ್ದೋರ್ ಮುಂದೆ ಒಬ್ನೇ ಅಂತ ಬಾಯ್ ಬಿಡ್ಬಾರ್ದು ಮಗಾ. ಆದ್ರೆ ಕೂತು, ನೀರ್ ಕುಡ್ದು, ಮನ್ಸ ಒಳ್ಳೇನು ಅನ್ನುಸ್ತಾ, ಆಮ್ಯಾಕೆ ಸುಳ್ಳು ಇಟ್ಕಬಾರ್ದು. ನಾಳೆ ನಾವ್ ಬಿದ್ರೆ ಹುಡ್ಕೋನು ಅವ್ನೇಯ."

ಅದೇ ವರ್ಷ ಅಪ್ಪ ಬಿದ್ದ. ಎರಡು ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿ ಮೂಳೆ ಮುರಿಯಿತು. ಅವತ್ತು ಬೆಳಿಗ್ಗೆ ಹೊಂಡದ ಹತ್ತಿರ ಅದೇ ಮುದುಕ ಸಿಕ್ಕಿದ್ದ. ಸಂಜೆ ಅಪ್ಪ ಇಳಿದು ಬರದಿದ್ದಾಗ, ಈ ಮನುಷ್ಯನ ಹಿಂದೆ ಯಾರೂ ಇಲ್ಲ ಎಂದು ತಿಳಿದಿದ್ದವನು ಅವನೊಬ್ಬನೇ. ಕುರಿಗಳನ್ನು ಮೊಮ್ಮಗನಿಗೆ ಒಪ್ಪಿಸಿ ಕೂಗುತ್ತ ಹತ್ತಿದನಂತೆ. ಅಪ್ಪನನ್ನು ಹೊತ್ತುಕೊಂಡೇ ನಮ್ಮ ಹಟ್ಟಿಗೆ ಬಂದ. ಅಮ್ಮ ಆ ಮುದುಕನ ಕಾಲು ತೊಳೆದಳು. ನಾನು ನೋಡಿದ್ದೇನೆ, ನನ್ನ ಕಣ್ಣಾರೆ. ಅಪ್ಪ ಆಮೇಲೆ ಬಹಳ ವರ್ಷ ಕುಂಟುತ್ತ ಬದುಕಿ, ಮನೆಯ ಜಗಲಿಯ ಮೇಲೆ ಸತ್ತ.

ಈಗ ಅಲ್ಲಿ ಏನೂ ಇಲ್ಲ. ಮಾಳಿಗೆ ಕುಸಿದು ಮಣ್ಣಿಗೆ ಮಣ್ಣಾಯಿತು. ಹೊಲಗಳ ತುಂಬ ಸೋಲಾರ್ ಫಲಕಗಳು, ಬಿಸಿಲಿಗೆ ಕೆರೆಯ ಹಾಗೆ ಹೊಳೆಯುತ್ತವೆ ಎಂದು ನೋಡಿ ಬಂದವರು ಹೇಳಿದರು. ನನ್ನನ್ನು ಮದುವೆ ಮಾಡಿ ಕೊಟ್ಟದ್ದು ಮೇಷ್ಟ್ರ ಮನೆಗೆ. ನಿಮ್ಮ ತಾತ ಒಳ್ಳೆಯವರು, ಆದರೆ ಅವರ ಮನೆಯಲ್ಲಿ ಬೇಟೆ ಎಂದರೆ ಮೂಗು ಮುರಿಯುತ್ತಿದ್ದರು. ಮೊದಲ ವಾರದಲ್ಲೇ ಅತ್ತೆ, ನಿನ್ನಪ್ಪ ಕೋವಿ ಹಿಡಿಯುವ ಸುದ್ದಿಯನ್ನು ಇಲ್ಲಿ ಎತ್ತಬೇಡ ಎಂದು ಮೆಲ್ಲಗೆ ಹೇಳಿದ್ದರು. ನಾನು ಎತ್ತಲಿಲ್ಲ. ನನ್ನ ಮಗನಾದ ನಿಮ್ಮಪ್ಪನಿಗೆ ಕೂಡ ತವರಿನ ಒಂದು ಕಥೆಯನ್ನೂ ಹೇಳಲಿಲ್ಲ. ಓಬನ ಹೆಸರು ನನ್ನೊಳಗೇ ಉಳಿಯಿತು. ನಿಮ್ಮ ತಾತ ಹೋದ ಮೇಲೆ ನಿಮ್ಮಪ್ಪ ನನ್ನನ್ನು ಇಲ್ಲಿಗೆ ಕರೆತಂದ.

ಸುಹಾಸ ಕೆಲಸಕ್ಕೆ ಸೇರಿದ ವರ್ಷ ಜೊತೆಯವರೊಡನೆ ಜಿಂಕೆ ಬೇಟೆ ಕಲಿತ. ನಿಮ್ಮಪ್ಪ ಊಟದ ಮೇಜಿನಲ್ಲಿ ಕೂಗಾಡಿದ್ದು ನಿಮಗೂ ನೆನಪಿರಬೇಕು. ಅವತ್ತು ನಾನು ಪಾತ್ರೆ ತೊಳೆಯುತ್ತ, ನಮ್ಮಪ್ಪನೂ ಬೇಟೆಗಾರನೇ ಎಂದೆ, ಸುಹಾಸನಿಗೆ ಮಾತ್ರ ಕೇಳುವ ಹಾಗೆ. ಆ ಮಗು ಒರೆಸುವ ಬಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದ. "ನೋ ವೇ, ಅಜ್ಜಿ. ಟೆಲ್ ಮಿ ಎವ್ರಿಥಿಂಗ್" ಎಂದ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಆ ಚಳಿಗಾಲವೆಲ್ಲ ನಾನು ಕನ್ನಡದಲ್ಲಿ ಹೇಳಿದೆ, ಅವನು ಇಂಗ್ಲಿಷಿನಲ್ಲಿ ಕೇಳಿದ. ಮದ್ದಿನ ಬುರುಡೆ, ಬಲೆ, ಕಂಬಳಿ, ಎಲ್ಲ ಹೇಳಿದೆ. ಅವನು ಒಬ್ಬನೇ ಹೋಗಲು ಶುರುಮಾಡಿದ ಮೇಲೆ ಓಬನನ್ನೂ ಹೇಳಿದೆ. ಅವನು ನಕ್ಕು, "ಸೋ ಹಿ ಜಸ್ಟ್ ಮೇಡ್ ಅಪ್ ಎ ಮೇಟ್?" ಎಂದ, ಇಲ್ಲದ ಗೆಳೆಯನನ್ನು ಹುಟ್ಟಿಸಿಕೊಂಡನಾ ಎಂದು. ನಾನು ಅವನ ಕೈ ಹಿಡಿದು, ನೀನೂ ಹಾಗೇ ಮಾಡು, ಯಾರಿಗೂ ಒಬ್ಬನೇ ಎಂದು ಹೇಳಬೇಡ ಎಂದು ಮಾತು ತೆಗೆದುಕೊಂಡೆ.

ಕುರಿ ಕಾಯುವ ಮುದುಕನ ವಿಷಯ ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇಲ್ಲಿ ಅಂಗಡಿಯಲ್ಲಿ ಹೇಗಿದ್ದೀರಿ ಎಂದು ನಗುತ್ತ ಕೇಳುವವರಿಗೇ ನಾನು ಉತ್ತರ ಕೊಡದೆ ತಲೆ ತಗ್ಗಿಸುವವಳು. ಕಾಡಿನಲ್ಲಿ ರೈಫಲ್ ಹಿಡಿದು ನಿಂತ ಗುರುತಿಲ್ಲದ ಬಿಳಿಯರಿಗೆ ನನ್ನ ಮೊಮ್ಮಗ ನಿಜ ಹೇಳುವುದು ಬೇಡ ಎನ್ನಿಸಿತು. ನಮ್ಮಪ್ಪ ಕಲಿಸಿದ್ದರಲ್ಲಿ ಅರ್ಧವನ್ನೇ ಕೊಟ್ಟೆ. ಜೀವ ಉಳಿಸಿದ ಅರ್ಧವನ್ನು ನನ್ನ ಭಯಕ್ಕೆ ಇಟ್ಟುಕೊಂಡೆ.

ಏಪ್ರಿಲ್‌ನ ಆ ಶುಕ್ರವಾರ ಏನಾಯಿತೆಂದು ನಿಮಗೆ ಅರ್ಧ ಗೊತ್ತು. ಗಂಡು ಜಿಂಕೆಗಳು ಕೂಗುವ ಕಾಲ. ಸುಹಾಸ ತನ್ನ ಯೂಟ್ ಗಾಡಿ ನಿಲ್ಲಿಸಿ ಕಣಿವೆಯ ದಾರಿ ಹಿಡಿದ. ರಾತ್ರಿ ಅಲ್ಲಿ ಬೇಟೆಗಾರರು ತಂಗುವ ಹಟ್‌ನಲ್ಲಿ ಮಲಗುವುದೆಂದು ನಿಮ್ಮಮ್ಮನಿಗೆ ಹೇಳಿದ್ದ. ಹಟ್‌ಗೆ ಇನ್ನೂ ಒಂದು ಗಂಟೆಯ ನಡಿಗೆ ಇರುವಾಗ ದಾರಿಯಲ್ಲಿ ಒಬ್ಬ ವಯಸ್ಸಾದ ಬೇಟೆಗಾರ ಎದುರಾದರು. ಕುರುಚಲು ಗಡ್ಡ, ಹೆಗಲಿಗೆ ರೈಫಲ್. ಒಬ್ಬನೇ ಬಂದೆಯಾ ಎಂದು ಕೇಳಿದರು. ಸುಹಾಸ ಹಿಂದಕ್ಕೆ ತಿರುಗಿ ಓಬಾ ಎಂದು ಕೂಗಿದ, ನನ್ನ ಮೇಟ್ ಹಿಂದೆ ಬರುತ್ತಿದ್ದಾನೆ ಎಂದ. ಇದನ್ನು ಆಮೇಲೆ ಪೊಲೀಸರಿಗೆ ಹೇಳಿದ್ದು ಅವರೇ. ಆ ಯಜಮಾನರು ಆ ರಾತ್ರಿ ಹಟ್‌ನಲ್ಲೇ ಇದ್ದರು. ಸುಹಾಸ ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಿಮ್ಮಪ್ಪ ತಲೆ ಕೆಡಿಸಿಕೊಂಡಿದ್ದಾನೆ. ನನಗೆ ಗೊತ್ತಿದೆ ಎನ್ನಿಸುತ್ತದೆ. ಬಂದರೆ ಅವರು ಓಬ ಎಲ್ಲಿ ಎಂದು ಕೇಳುತ್ತಿದ್ದರು. ಅದಕ್ಕೇ ಪಕ್ಕದ ತೊರೆಯ ದಾರಿಗೆ ತಿರುಗಿ, ಬೇರೆ ಕಡೆ ಮಲಗಲು ಹೋಗಿ, ಒದ್ದೆ ಬಂಡೆಯಿಂದ ಜಾರಿದ. ಸಹಾಯಕ್ಕೆ ಕರೆಯುವ ಬೀಕನ್ ಬೆನ್ನುಚೀಲದಲ್ಲಿತ್ತು. ಚೀಲ ಮೇಲೆ ಸಿಕ್ಕಿಕೊಂಡಿತು, ಅವನು ಕೆಳಗೆ ಬಿದ್ದ. ಶನಿವಾರ ಬೆಳಿಗ್ಗೆ ಆ ಯಜಮಾನರು ಇಳಿದು ಮನೆಗೆ ಹೋದರು. ನಾವು ಪೊಲೀಸರಿಗೆ ಹೇಳಿದ್ದು ಭಾನುವಾರ ಸಂಜೆ. ಸಿಕ್ಕಿದ್ದು ಮಂಗಳವಾರ. ಶನಿವಾರ ಮಧ್ಯಾಹ್ನದವರೆಗೂ ಜೀವ ಇದ್ದಿರಬೇಕು ಎಂದು ಡಾಕ್ಟರು ಹೇಳಿದರು. ಈ ಒಂದು ಮಾತು ನನ್ನನ್ನು ಯಾವ ಹೊತ್ತಿನಲ್ಲೂ ಬಿಡುವುದಿಲ್ಲ. ಅನ್ನ ಬಸಿಯುವಾಗಲೂ ಅವನು ಇನ್ನೂ ಅಲ್ಲಿ ಉಸಿರಾಡುತ್ತಿದ್ದಾನೆ ಎನ್ನಿಸುತ್ತದೆ.

ಅವನು ಸಿಕ್ಕ ಮೇಲೂ ಎರಡು ದಿನ ಹೆಲಿಕಾಪ್ಟರು ಓಬನನ್ನು ಹುಡುಕಿತು. ನಿಮ್ಮಪ್ಪ ಸುಹಾಸನ ಫೋನಿನಲ್ಲಿದ್ದ ಪ್ರತಿಯೊಬ್ಬ ಗೆಳೆಯನಿಗೂ ಫೋನ್ ಮಾಡಿ ಕೇಳಿದ. ಆಮೇಲೆ ಅಡುಗೆಮನೆಗೆ ಬಂದು, "ಅಮ್ಮಾ, ಓಬ ಅಂದ್ರೆ ಯಾರು? ನಿನ್ ಹತ್ರ ಏನಾದ್ರೂ ಹೇಳಿದ್ನಾ?" ಎಂದ. ಅವನ ಕಣ್ಣು ಊದಿಕೊಂಡಿತ್ತು. ನಾನು ಒಲೆಯ ಕಡೆ ತಿರುಗಿ, "ಗೊತ್ತಿಲ್ಲಪ್ಪ" ಎಂದೆ. ಈಗಲೂ ಅವನು ನಂಬಿರುವುದು, ತನ್ನ ಮಗನನ್ನು ಬೀಳಲು ಬಿಟ್ಟು ಓಡಿಹೋದವನೊಬ್ಬ ಈ ಊರಲ್ಲೇ ಎಲ್ಲೋ ಇದ್ದಾನೆ ಎಂದು. ಮಾಲ್‌ಗೆ ಹೋದರೆ ಸುಹಾಸನ ವಯಸ್ಸಿನ ಹುಡುಗರ ಮುಖವನ್ನು ಅವನು ನೋಡುವ ರೀತಿ ನೀವೂ ನೋಡಿದ್ದೀರಿ.

ಒಂದು ತಿಂಗಳ ಮೇಲೆ ಆ ಯಜಮಾನರು ಮನೆಗೆ ಬಂದರು, ತಮ್ಮ ತೋಟದ ಹಣ್ಣಿನ ಜಾಮ್ ಒಂದು ಸೀಸೆ ಹಿಡಿದು. ಸೋಫಾದ ಅಂಚಿನಲ್ಲಿ ಕೂತರು. ಆ ದಾರಿಯಲ್ಲಿ ಯಾರು ಸಿಕ್ಕರೂ ಒಬ್ಬನೇನಾ ಎಂದು ತಾವು ಕೇಳುವುದು ವಾಡಿಕೆ, ಒಬ್ಬನೇ ಆದರೆ ಸಂಜೆ ಬಂದನೋ ಇಲ್ಲವೋ ಎಂದು ಕಣ್ಣಿಟ್ಟಿರಲು ಎಂದರು. ನನಗೆ ಇಂಗ್ಲಿಷ್ ಕಡಿಮೆ, ಆದರೆ ಆಮೇಲಿನ ಮಾತು ಪೂರ್ತಿ ತಿಳಿಯಿತು: ಅವನು ಒಬ್ಬನೇ ಎಂದು ಗೊತ್ತಿದ್ದರೆ ಆ ಸಂಜೆಯೇ ಟಾರ್ಚು ಹಿಡಿದು ಹೊರಡುತ್ತಿದ್ದೆ. ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅತ್ತರು. ನಿಮ್ಮಪ್ಪ, ನಿಮ್ಮ ತಪ್ಪೇನಿಲ್ಲ, ತಪ್ಪು ಆ ಇನ್ನೊಬ್ಬನದು ಎಂದ. ನಾನು ಬಾಗಿಲ ಹಿಂದೆ ಟ್ರೇ ಹಿಡಿದು ನಿಂತಿದ್ದೆ. ಟೀ ಕೊಟ್ಟೆ. ಬಾಯಿ ತೆರೆಯಲಿಲ್ಲ. ನಮ್ಮಮ್ಮ ಅಂಥವನೊಬ್ಬನ ಕಾಲು ತೊಳೆದಿದ್ದಳು.

ಮಕ್ಕಳೇ, ನಿಮಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಿಮ್ಮಮ್ಮ ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ನನ್ನ ಕೈಬರಹ ಅವಳಿಗೆ ಹತ್ತುವುದಿಲ್ಲ. ಈ ಮನೆಯಲ್ಲಿ ಇದನ್ನು ಓದಬಲ್ಲವನು ಒಬ್ಬನೇ, ನಿಮ್ಮಪ್ಪ. ಇದು ತಿಳಿದೇ ನಿಮಗೆಂದು ಬರೆದೆ. ಅವನ ಮುಂದೆ ನಿಂತು ಹೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ನಾಳೆ ಭಾನುವಾರ, ತಿಂಡಿಯಾದ ಮೇಲೆ ಈ ಹಾಳೆಗಳನ್ನು ಅವನ ಕೈಗೆ ಕೊಟ್ಟು, ಅಜ್ಜಿ ನಮಗೆ ಬರೆದಿದ್ದಾಳೆ, ಗಟ್ಟಿಯಾಗಿ ಓದು ಎಂದು ಹೇಳಿ. ನಡುವೆ ಅವನ ದನಿ ನಿಂತರೆ ಅವಸರ ಮಾಡಬೇಡಿ, ಇಬ್ಬರೂ ಹತ್ತಿರ ಕೂತಿರಿ. ಓದಿ ಮುಗಿದ ಮೇಲೆ ಆ ಯಜಮಾನರಿಗೆ ಫೋನ್ ಮಾಡಿ, ಓಬ ಎಂಬುವನು ಯಾರೂ ಇರಲಿಲ್ಲ, ಅದನ್ನು ಕಲಿಸಿದ್ದು ಅಜ್ಜಿ ಎಂದು ನಿಮ್ಮ ಇಂಗ್ಲಿಷಿನಲ್ಲಿ ಹೇಳಿ. ಆಮೇಲೆ ನಿಮ್ಮಪ್ಪ ನನ್ನ ಕೋಣೆಗೆ ಬಂದರೆ ಬರಲಿ, ಬರದಿದ್ದರೆ ಬಲವಂತ ಬೇಡ. ಬಾಗಿಲು ಹಾಕಿರುವುದಿಲ್ಲ.