ಕೊಕ್ಕಿನ ಕೆಳಗೊಂದು ಗೆರೆ

ಅಡುಗೆಮನೆಯಲ್ಲಿ ನಾನು ಯಾವುದನ್ನೂ "ಇಷ್ಟೇ" ಎಂದು ಹೇಳಿದವಳಲ್ಲ. ಉಪ್ಪು ಒಂದು ಹರಳೂ ಹೆಚ್ಚಾಗಬಾರದು, ಅನ್ನ ಒಬ್ಬರ ಪಾಲಿನಷ್ಟಾದರೂ ಮಿಗಬೇಕು, ಮಜ್ಜಿಗೆ ಸಾಲದೆ ಹೋಗಬಾರದು. ನನ್ನ ಮಾತೆಲ್ಲ ಹೀಗೆ ಹೆಚ್ಚು ಕಡಿಮೆಗಳಲ್ಲೇ ಓಡುತ್ತದೆ. ಇದಕ್ಕೆ ಗಣಿತದಲ್ಲಿ ಅಸಮತೆ ಎಂಬ ಗಂಭೀರವಾದ ಹೆಸರಿದೆ ಎಂದು ತಿಳಿಸಿದವಳು ಮಗಳು ನಾಗವೇಣಿ. ಆಗ ಅವಳಿಗೆ ಎಂಟನೆಯ ತರಗತಿ. ಅಕ್ಕಿ ಆರಿಸುತ್ತ ಕೂತಿದ್ದ ನನಗೆ ಪಾಠವನ್ನೂ ಹೇಳಿದಳು: ಕಾಗೆಯ ಕೊಕ್ಕಿನಂಥದೊಂದು ಚಿಹ್ನೆ, ಅದು ಬಾಯಿ ತೆರೆಯುವುದು ದೊಡ್ಡದರ ಕಡೆಗೆ. ಎರಡೂ ಸಮವಾದರೂ ಅಡ್ಡಿಯಿಲ್ಲ ಎಂದಾದರೆ ಕೊಕ್ಕಿನ ಕೆಳಗೊಂದು ಗೆರೆ. ಅಂದಿನಿಂದ ನನಗೂ ಚಟ ಹತ್ತಿತು. ಸಾಗರದ ಬಸ್ಸಿನ ಕಂಡಕ್ಟರು "ಇನ್ನೂ ನಾಲ್ಕು ಜನ ಹತ್ಲಿ" ಎಂದು ಕೂಗಿದರೆ, ಈ ಮನುಷ್ಯನ ಲೆಕ್ಕಕ್ಕೆ ಯಾವ ಕೊಕ್ಕೂ ಸಾಲದು ಅನ್ನಿಸುತ್ತದೆ.

ಮರುವರ್ಷಕ್ಕೆ ಐಚ್ಛಿಕ ಗಣಿತವೇ ಬೇಕೆಂದು ನಾಗವೇಣಿ ಹಠ ಹಿಡಿದಳು. ನಮ್ಮೂರಿನಲ್ಲಿ ಅದು ಹುಡುಗರ ತರಗತಿ, ಒಬ್ಬ ಹುಡುಗಿಯೂ ಅಲ್ಲಿ ಕೂತಿರಲಿಲ್ಲ. ಸೇರಿಸುವುದು ಬಿಡುವುದು ಗಣಿತದ ಮೇಷ್ಟ್ರ ಕೈಯಲ್ಲಿತ್ತು. ನಾನೂ ಜೊತೆಗೆ ಹೋದೆ.

ಮೇಷ್ಟ್ರು ಕಪ್ಪುಹಲಗೆ ತೋರಿಸಿ, "ಅಂಗಡಿಯವನು ಒಂದು ಸೇರಿಗೆ ಕಡಿಮೆಯಿಲ್ಲದ ಹಾಗೆ ಅಕ್ಕಿ ಅಳೆದುಕೊಟ್ಟ. ಬರಿಯಮ್ಮ" ಎಂದರು. ಇವಳು ಬರೆದಳು, ಗೆರೆ ಮಾತ್ರ ಎಳೆಯಲಿಲ್ಲ.

"ಸರಿಯಾಗಿ ಒಂದೇ ಸೇರು ಕೊಟ್ರೆ ತಪ್ಪಾ? ಗೆರೆ ಎಲ್ಲಿ?"

"ಒಂದೇ ಸೇರು ಯಾರು ಕೊಡ್ತಾರೆ ಸಾರ್? ಮೇಲೊಂದು ಹಿಡಿ ಕೊಸರು ಹಾಕ್ದಿದ್ರೆ ನಮ್ಮಮ್ಮ ಚೀಲ ಎತ್ತೋದೇ ಇಲ್ಲ."

ನನಗೆ ಮುಖ ಎಲ್ಲಿಡಲೆಂದು ತಿಳಿಯಲಿಲ್ಲ. ಮೇಷ್ಟ್ರು ನಕ್ಕರು, ಆದರೆ ಬಿಡಲಿಲ್ಲ. "ನಿಮ್ಮಮ್ಮನ ಕೊಸರು ಪ್ರಶ್ನೆಯಲ್ಲಿಲ್ಲ. ಕೊಟ್ಟ ಮಾತನ್ನಷ್ಟೇ ಬರೀಬೇಕು."

ನ್ಯಾಯವೇ. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಅಮ್ಮ, ಈ ತರಗತೀಲಿ ಮೂವತ್ತು ಜನಕ್ಕಿಂತ ಹೆಚ್ಚಿರಬಾರದು ಅಂತ ನಿಯಮ. ಹುಡುಗ್ರೇ ಇಪ್ಪತ್ತೊಂಬತ್ತು ಇದಾರೆ. ಇವಳು ಬಂದ್ರೆ ಮೂವತ್ತಾಗ್ಬಿಡುತ್ತೆ. ಗೃಹವಿಜ್ಞಾನ ಕೊಡ್ಸಿ" ಎಂದರು.

ದೊಡ್ಡವರ ಮಾತೆಂದು ನಾನು ಆಗಲೇ ತಲೆಯಾಡಿಸತೊಡಗಿದ್ದೆ. ನಾಗವೇಣಿ ಸೀಮೆಸುಣ್ಣ ಕೆಳಗಿಟ್ಟಿರಲಿಲ್ಲ. ಹಲಗೆಯ ಮೇಲೆ ಒಂದು ಕಡೆ "ಜನ", ಇನ್ನೊಂದು ಕಡೆ "ಮೂವತ್ತು" ಎಂದು ಬರೆದಳು. ಮೂವತ್ತರ ಕಡೆ ಬಾಯಿ ತೆರೆದ ಕೊಕ್ಕನ್ನು ನಡುವೆ ಇಟ್ಟು, ಅದರ ಕೆಳಗೆ ಒತ್ತಿ ಗೆರೆ ಎಳೆದಳು.

"ಹೆಚ್ಚಿರಬಾರದು ಅಂದ್ರಿ ಸಾರ್. ಮೂವತ್ತೇ ಆದ್ರೆ ಎಂತ ತಪ್ಪು?"

ಮೇಷ್ಟ್ರು ಹಲಗೆ ನೋಡಿದರು, ಅವಳನ್ನು ನೋಡಿದರು. "ಈಗ ಕೊಟ್ಟ ಮಾತನ್ನಷ್ಟೇ ಬರ್ದೆ ನೋಡು" ಎಂದವರೇ ಅವಳ ಹೆಸರು ಬರೆದುಕೊಂಡರು. ತಾವೇ ಹೇಳಿದ ಮಾತಿಗೆ ತಾವೇ ಬದ್ಧರಾಗುವ ಮೇಷ್ಟ್ರು ಸಿಕ್ಕಿದ್ದು ಅವಳ ಪುಣ್ಯ. ದಾರಿಯುದ್ದಕ್ಕೂ ನಾನು ಕಂಡಕಂಡವರಿಗೆಲ್ಲ ಸುದ್ದಿ ಹೇಳುತ್ತ ಬಂದೆ. "ಸಾಕು ಸುಮ್ನಿರಮ್ಮ" ಎಂದು ಅವಳು ಸೆರಗು ಜಗ್ಗುತ್ತಲೇ ಇದ್ದಳು.

ಹುಡುಗರ ಸಾಲಿನಲ್ಲಿ ಕೂರಿಸುವಂತಿರಲಿಲ್ಲವಾದ್ದರಿಂದ ಕಿಟಕಿಯ ಹತ್ತಿರ ಬೇರೆ ಬೆಂಚು ಹಾಕಿಸಿದರು. ಒಂದು ವರ್ಷ ಅದರಲ್ಲಿ ಅವಳೊಬ್ಬಳೇ ಕೂತಳು. ಈ ವರ್ಷ ಅವಳು ಮುಂದಿನ ತರಗತಿಗೆ ಹೋದ ಮೇಲೆ ಆ ಬೆಂಚಿಗೆ ಮೂವರು ಹುಡುಗಿಯರು ಬಂದಿದ್ದಾರಂತೆ. ಮೂರಕ್ಕೆ ಕಡಿಮೆಯಾಗದಿದ್ದರೆ ಸರಿ. ಹೆಚ್ಚೆಂದರೆ ಎಷ್ಟು ಎಂಬುದನ್ನು ಬರೆಯುವ ಕೆಲಸಕ್ಕೆ ನಾನು ಹೋಗುವುದಿಲ್ಲ.