ಮದ್ದಳೆಯ ತಪ್ಪು ಹುಡುಕಲು ತಂದ ಹೆಡ್‌ಫೋನ್

ಇಪ್ಪತ್ತೈದು ವರ್ಷಗಳಿಂದ ನಾನು ಒಂದೇ ಕಥೆ ಹೇಳಿ ನೆಂಟರಿಷ್ಟರನ್ನು ನಗಿಸುತ್ತಾ ಬಂದಿದ್ದೆ. ಯಕ್ಷಗಾನದ ಭಾಗವತಿಕೆ ಕಲಿತು ಮೊದಲ ಸಲ ತಾಳಮದ್ದಳೆಯಲ್ಲಿ ಹಾಡಲು ಕೂತ ದಿನ ನನ್ನ ಅಪ್ಪಯ್ಯನ ಮದ್ದಳೆ ತಪ್ಪಿತು, ಸಭೆ ಗೊಳ್ಳೆಂದು ನಕ್ಕಿತು, ಅವತ್ತೇ ನಾನು ತಾಳ ಕೆಳಗಿಟ್ಟೆ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಭಾಗವತನಾಗಿರುತ್ತಿದ್ದೆ. ಇದನ್ನು ಅಪ್ಪಯ್ಯನ ಎದುರೇ ಹೇಳುತ್ತಿದ್ದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ "ಹೌದ್ ಹೌದ್" ಎನ್ನುತ್ತಿದ್ದರು.

ಕಳೆದ ವರ್ಷ ಗುಲ್ವಾಡಿಯ ಒಂದು ಮದುವೆಯೂಟದಲ್ಲಿ ಹೆಂಡತಿಯ ಅಣ್ಣ ಪಾಯಸದ ನಡುವೆ ಕೇಳಿಬಿಟ್ಟರು: "ಹ್ವಾಯ್ ಭಾವ, ತಪ್ಪಿದ್ದ್ ಮದ್ದಳೆಯಾ, ನಿಮ್ ತಾಳವಾ? ಯಾರಿಗ್ ಗೊತ್ತ್?"

ತೋರಿಸಿಯೇ ತೀರುತ್ತೇನೆಂದು ಪಾಯಸ ಅರ್ಧಕ್ಕೇ ಬಿಟ್ಟು ಎದ್ದೆ. ನನ್ನ ಹತ್ತಿರ ಅವತ್ತಿನ ಕ್ಯಾಸೆಟ್ ಇತ್ತು. ಬೈಂದೂರಿನಲ್ಲಿ ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವವರೊಬ್ಬರಿಂದ ಅದನ್ನು ಮೊಬೈಲಿಗೆ ಇಳಿಸಿಕೊಂಡೆ. ಕೇಳಿದರೆ ಹಾಡು, ಮದ್ದಳೆ, ಮಳೆ ಎಲ್ಲಾ ಕಲಸುಮೇಲೋಗರ. ಸಾಕ್ಷಿ ಇದೆ, ಕೇಳುವ ಕಿವಿ ಇಲ್ಲ ಎಂದು ತೀರ್ಮಾನಿಸಿ ಹೆಡ್‌ಫೋನಿನ ವಿಮರ್ಶೆಗಳನ್ನು ಓದಲು ಕೂತೆ.

ಅದೊಂದು ಬೇರೆಯೇ ಲೋಕ. ಅಲ್ಲಿ ಯಾರೂ ಹಾಡು ಕೇಳುವುದಿಲ್ಲ, ಹೆಡ್‌ಫೋನ್ ಕೇಳುತ್ತಾರೆ. ಒಬ್ಬರಿಗೆ ಹಾಡುವವನ ತುಟಿ ಬಿಚ್ಚುವ ಸದ್ದು ಕೇಳಿಸುತ್ತದಂತೆ. ಏನು ಹಾಡಿದ ಎಂದು ಮಾತ್ರ ಬರೆದಿರಲಿಲ್ಲ. ಎರಡು ತಿಂಗಳು ಓದಿ ಆ ಜನರಲ್ಲಿ ನಾನೂ ಒಬ್ಬನಾದೆ. ಕೊನೆಗೆ ಬಂದ ಪೆಟ್ಟಿಗೆಯ ಮೇಲೆ, ಹೊರಗಿನ ಒಂದು ಸದ್ದೂ ಒಳಗೆ ಬಾರದು ಎಂದು ಅಚ್ಚಾಗಿತ್ತು. ಬೆಲೆ ಕೇಳಿ ಹೆಂಡತಿ, "ಮಂಡಿ ಸಮ ಇತ್ತಾ ನಿಮ್ಗೆ?" ಎಂದು ತನ್ನ ತಲೆ ತಟ್ಟಿ ತೋರಿಸಿದಳು.

ಕೂಡಲೇ ಕೇಳುವ ಹಾಗೂ ಇರಲಿಲ್ಲ. ಹೊಸ ಹೆಡ್‌ಫೋನನ್ನು ನೂರು ಗಂಟೆ ಸುಮ್ಮನೆ ಹಾಡಿಸಿ ಹದ ಮಾಡಬೇಕೆಂದು ಬಲ್ಲವರು ಬರೆದಿದ್ದರು. ಹಾಗಾಗಿ ಅದು ಮಂಚದ ಮೇಲೆ ದಿಂಬಿಗೆ ಹಾಡು ಕೇಳಿಸುತ್ತಾ ಮಲಗಿತ್ತು. "ದೋಸೆ ಕಾವಲಿ ಪಳಗ್ಸುದ್ ಕಂಡಿದೆ, ಇದ್ ಎಂತದ್?" ಎಂದು ಹೆಂಡತಿ ದಿಂಬು ಕೊಡವಿ ಹೋದಳು.

ಅಪ್ಪಯ್ಯನಿಗೆ ಈಗ ಕಿವಿ ಮಂದ. ಅವರಿಗೆ ಶ್ರವಣಯಂತ್ರ ಕೊಡಿಸುವಾಗ ನಾನು ಒಂದೇ ಒಂದು ವಿಮರ್ಶೆ ಓದಿರಲಿಲ್ಲ, ಅಂಗಡಿಯಲ್ಲಿದ್ದ ಅಗ್ಗದ್ದನ್ನು ತಂದಿದ್ದೆ. ಕರಕರ ಎನ್ನುತ್ತದೆಂದು ಅವರು ಅದನ್ನು ಎಲೆಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದಾರೆ.

ನೂರು ಗಂಟೆ ಮುಗಿದ ಸಂಜೆ, ಬ್ರಹ್ಮಾವರದಲ್ಲಿ ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತು ಅದನ್ನು ಕಿವಿಗೇರಿಸಿದೆ. ಅವತ್ತು ತಗಡಿನ ಮಾಡಿನ ಮೇಲೆ ಬಿದ್ದ ಮಳೆಯನ್ನು ಹನಿಹನಿಯಾಗಿ ಎಣಿಸಬಹುದಿತ್ತು. ಸಭೆಯ ಎದುರು ಸಾಲಿನಲ್ಲಿ ಯಾರೋ ಚಕ್ಕುಲಿ ಕಡಿದರು. ಆಮೇಲೆ ನನ್ನ ಸ್ವರ ಬಂತು. ಇಂಥ ಸ್ವರಕ್ಕೆ ಇಂಥ ಹೆಡ್‌ಫೋನ್ ತಂದದ್ದು ದೊಡ್ಡ ಅನ್ಯಾಯವೇ.

ಎರಡನೆಯ ಪದ್ಯದಲ್ಲಿ ಆ ಜಾಗ ಬಂತು. ಹಿಂದಕ್ಕೆ ಎಳೆದು ಮತ್ತೆ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಹೆದರಿಕೆಗೆ ಉಸಿರು ಕಟ್ಟಿ ನಾನು ತಾಳದ ಒಂದು ಎಣಿಕೆ ನುಂಗಿದ್ದೆ. ಮದ್ದಳೆ ಸರಿಯಾಗಿಯೇ ಹೋಗುತ್ತಿತ್ತು. ಅರೆಕ್ಷಣ ಅದು ನಿಂತಿತು. ಆಮೇಲೆ ಅಪ್ಪಯ್ಯ ತಮ್ಮ ಸರಿಯಾದ ಲೆಕ್ಕವನ್ನು ಬಿಟ್ಟು, ನನ್ನ ತಪ್ಪು ಲೆಕ್ಕಕ್ಕೆ ಬಂದು ಸೇರಿಕೊಂಡರು. ಆ ಎಡವಟ್ಟು ಕೇಳಿಯೇ ಜನ ನಕ್ಕದ್ದು. ಭಾಗವತ ಜಾರಿದರೆ ಮದ್ದಳೆಗಾರ ಅದನ್ನು ತನ್ನ ಮೈಮೇಲೆ ಹಾಕಿಕೊಳ್ಳಬೇಕು, ಆಮೇಲೆ ಅದರ ಮಾತೆತ್ತಬಾರದು ಎನ್ನುವುದು ಅವರ ಕಾಲದ ರೂಢಿ. ನನಗೆ ಅದನ್ನು ಕಲಿಸಿದ್ದೂ ಅವರೇ. ಕಂಡಕ್ಟರ್ ಭುಜ ಅಲುಗಾಡಿಸಿದಾಗ ನಾನು ಇಳಿಯಬೇಕಿದ್ದ ಕೋಟೇಶ್ವರ ದಾಟಿ ಕುಂದಾಪುರ ಬಂದಿತ್ತು. ನಾಚಿಕೆಯಿಂದ ನನ್ನ ಮುಖ ಬಿಸಿಯಾಗಿತ್ತು.

ಮನೆಗೆ ಬಂದವನೇ ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯನ ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಪೂರ್ತಿ ಏರಿಸಿದೆ. ಮೊದಲು ಬೆಚ್ಚಿದರು. ಆಮೇಲೆ ಅವರ ಕೈಗಳು ತೊಡೆಯ ಮೇಲೆ ನುಡಿಸತೊಡಗಿದವು. ಆ ಜಾಗಕ್ಕೆ ಬಂದಾಗ ಕೈ ನಿಂತಿತು. ನನ್ನ ಕಡೆ ನೋಡಿ, ಕೇರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು: "ಇಲ್ ಕಾಣ್ ಮಗಾ, ನನ್ ಮದ್ದಳೆ ತಪ್ತ್."

"ಅಲ್ಲ ಅಪ್ಪಯ್ಯ, ತಪ್ಪಿದ್ದ್ ನನ್ ತಾಳ," ಎಂದೆ. ಇನ್ನೊಮ್ಮೆ ಕೂಗಿ ಹೇಳಿದೆ. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು, ಅವಳಿಗೆ ಕೇಳಿಸಿತ್ತು. ಅಪ್ಪಯ್ಯ ಮಾತ್ರ ಕಣ್ಣು ಮುಚ್ಚಿ, ನನ್ನ ಹಾಡಿಗೆ ತಲೆದೂಗುತ್ತಿದ್ದರು. ಪೆಟ್ಟಿಗೆಯ ಮೇಲೆ ಬರೆದದ್ದು ಸುಳ್ಳಾಗಿರಲಿಲ್ಲ. ಹೊರಗಿನ ಒಂದು ಸದ್ದೂ ಒಳಗೆ ಹೋಗಲಿಲ್ಲ.